ಬಾಯಿಪಾಠದ ಭಾಷಣ

ಬಿಜೈ, ಮಂಗಳೂರು
29 ಸೆಪ್ಟೆಂಬರ್ 2025, ಸೋಮವಾರ

ಚಿ. ಜಿತೇಶನಿಗೆ,

ನಿನ್ನ ಗಿರಿಜಾ ಟೀಚರ್ ಮಾಡುವ ಆಶೀರ್ವಾದ. ಹಿರಿಯರು ಕಿರಿಯರಿಗೆ ಬರೆಯುವಾಗ ಹೆಸರಿನ ಹಿಂದೆ ಚಿರಂಜೀವಿ ಅಂತ ಹಾಕಬೇಕೆಂದು ಎಂಟನೇ ಕ್ಲಾಸಿನಲ್ಲಿ ನಿನಗೆ ಕಲಿಸಿದವಳು ನಾನೇ. ಹಾಕದಿದ್ದವರಿಗೆ ಅರ್ಧ ಮಾರ್ಕು ಕಡಿಮೆ ಮಾಡುತ್ತಿದ್ದೆ. ಇವತ್ತು ಆ ಒಂದಕ್ಷರ ಬರೆದು, ಪೆನ್ನು ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಲೋಟ ನೀರು ಕುಡಿದು ಬಂದೆ. ಬೆಳಗಾವಿ ಜೈಲಿನಲ್ಲಿ ಗಲ್ಲಿಗೆ ಕಾಯುತ್ತಿರುವವನಿಗೆ ಹಾಗೆ ಬರೆದರೆ ಅಣಕಿಸಿದ ಹಾಗೆ ಕಾಣುತ್ತದೋ ಏನೋ ಅಂತ. ಆದರೆ ಅಳಿಸಲಿಲ್ಲ. ಈ ಕಾಗದ ಬರೆಯುತ್ತಿರುವುದೇ ಅದಕ್ಕಾಗಿ.

ನಿನಗಿಂತ ಮೊದಲು ಇದನ್ನು ಜೈಲಿನ ಅಧಿಕಾರಿಗಳು ಓದುತ್ತಾರೆ ಅಂತ ನಿನ್ನ ಹೆಂಡತಿ ಕುಶಲಾ ಹೇಳಿದಳು. ಓದಲಿ, ಅವರಿಗೂ ನಮಸ್ಕಾರ. ಅಕ್ಷರ ಚೆನ್ನಾಗಿಲ್ಲದಿದ್ದರೆ ಕ್ಷಮಿಸಬೇಕು. ಅರುವತ್ತಮೂರು ದಾಟಿದ ಮೇಲೆ ಬಲಗೈಯ ಹೆಬ್ಬೆರಳು ನನ್ನ ಮಾತು ಕೇಳುವುದಿಲ್ಲ. ಹೊರಗೆ ಹುಲಿವೇಷದ ತಾಸೆ ಬೆಳಗ್ಗಿನಿಂದ ಬಡಿಯುತ್ತಲೇ ಉಂಟು. ಎಲ್ಲಾದರೂ ವಾಕ್ಯ ತಪ್ಪಿದ್ದರೆ ನನ್ನೊಬ್ಬಳನ್ನೇ ಬೈಯಬೇಡ.

ವಿಷಯಕ್ಕೆ ಬರುತ್ತೇನೆ. ಸುಪ್ರೀಂ ಕೋರ್ಟು ನಿನ್ನ ಅಪೀಲನ್ನು ತಳ್ಳಿಹಾಕಿದ ಮೇಲೆ ಕ್ಷಮಾದಾನದ ಅರ್ಜಿ ಹಾಕಲು ನಿನಗೆ ಮೂವತ್ತು ದಿನ ಉಂಟಂತೆ. ಅದು ಬರುವ ಅಕ್ಟೋಬರ್ ಹದಿನಾಲ್ಕಕ್ಕೆ ಮುಗಿಯುತ್ತದೆ. ವಕೀಲರು ಅರ್ಜಿ ತಯಾರು ಮಾಡಿಕೊಂಡು ಬಂದರೆ ನೀನು ಸಹಿ ಹಾಕುವುದಿಲ್ಲ ಅಂದೆಯಂತೆ. ಬೇಡವೆಂದು ಕೈಬರಹದಲ್ಲಿ ಬರೆದೂ ಕೊಟ್ಟೆಯಂತೆ. ಮನೆಯವರು ನಿನ್ನ ಪರವಾಗಿ ಹಾಕಬಹುದು, ಆದರೆ ನೀನೇ ಬೇಡ ಅಂದ ಮೇಲೆ ಅದಕ್ಕೆ ಬಲ ಇಲ್ಲ ಅಂತ ವಕೀಲರ ಅಭಿಪ್ರಾಯ. ಕಾರಣ ಕೇಳಿದಾಗ ನೀನು ಪೇಪರಿನ ಒಂದು ತುಂಡು ತೆಗೆದು ಅವರ ಕೈಗಿಟ್ಟೆ ಅಂತ ಗೊತ್ತಾಯಿತು. ಆಮೇಲೆ ಕುಶಲಾಳಿಗೆ ಕಾಗದ ಬರೆದೆ. ಅದರಲ್ಲಿದ್ದ ಒಂದು ಸಾಲನ್ನು ನಾನೂ ಓದಿದ್ದೇನೆ. ಮಗಳು ಹೇಳಿದ್ದು ಸರಿ ಉಂಟು, ಅವಳೇ ಹಾಗೆ ಹೇಳಿದ ಮೇಲೆ ನನಗೆ ಬೇರೆ ಕೋರ್ಟು ಬೇಡ, ಅಂತ.

ಜಿತೇಶ, ಅದು ನಿನ್ನ ಮಗಳ ಮಾತಲ್ಲ. ಪೇಪರಿನಲ್ಲಿ ಬಂದ ಆ ಭಾಷಣ ನಾನು ಬರೆದದ್ದು. ಮೊದಲ ಅಕ್ಷರದಿಂದ ಕೊನೆಯ ಜೈ ಹಿಂದ್ ತನಕ ನನ್ನದು. ಭವ್ಯಶ್ರೀ ಅದನ್ನು ಬಾಯಿಪಾಠ ಮಾಡಿ ಹೇಳಿದಳು, ಅಷ್ಟೇ.

ಇದನ್ನು ಅವಳೇ ನಿನಗೆ ಬರೆದಿದ್ದಳು. ನಿನ್ನ ಮನಸ್ಸು ಹಗುರ ಮಾಡಲಿಕ್ಕೆ ಸುಳ್ಳು ಹೇಳ್ತಿದ್ದಾಳೆ ಅಂತ ನೀನು ನಂಬಲಿಲ್ಲವಂತೆ. ಅವಳು ಹೇಳಿದ್ದನ್ನು ನಂಬದಿದ್ದರೆ ನನ್ನನ್ನಾದರೂ ನಂಬು. ನಂಬಲು ಒಂದು ಸಾಕ್ಷಿಯನ್ನೂ ಕೊಡುತ್ತೇನೆ. ಆ ಪೇಪರಿನ ತುಂಡು ನಿನ್ನಲ್ಲಿದ್ದರೆ ತೆಗೆದು ಎರಡನೆಯ ಪ್ಯಾರಾ ನೋಡು. ಕೈ ನಡುಗುವವರು ದೀಪ ಹಿಡಿಯಬಾರದು ಅಂತ ಒಂದು ವಾಕ್ಯ ಉಂಟು. ಈಗ ನೆನಪು ಮಾಡಿಕೋ. 1997ರ ಆಗಸ್ಟ್ ಹದಿನೈದು, ಸ್ವಾತಂತ್ರ್ಯಕ್ಕೆ ಐವತ್ತು ವರ್ಷ, ನೀನು ಒಂಬತ್ತನೇ ಕ್ಲಾಸು. ಸ್ಟೇಜಿನ ಮೇಲೆ ನಿನ್ನಿಂದ ಹೇಳಿಸಿದ ಭಾಷಣದಲ್ಲೂ ಅದೇ ವಾಕ್ಯ ಇತ್ತು. ಆಗ ದೀಪ ಅಂದರೆ ಸ್ವಾತಂತ್ರ್ಯದ ದೀಪ, ಈಗ ನ್ಯಾಯದ ದೀಪ. ನಾನು ಒಂದು ವಾಕ್ಯ ಚೆನ್ನಾಗಿ ಬಂದರೆ ಅದನ್ನು ಸುಲಭದಲ್ಲಿ ಬಿಡುವವಳಲ್ಲ. ಮಕ್ಕಳ ಸಂರಕ್ಷಣೆಗೆ, ಪರಿಸರ ದಿನಕ್ಕೆ, ಮದ್ಯಪಾನ ವಿರೋಧಕ್ಕೆ ಎಲ್ಲದಕ್ಕೂ ಆ ದೀಪವನ್ನು ಹಿಡಿಸಿದ್ದೇನೆ.

ಅವತ್ತು ನೀನು ಆ ವಾಕ್ಯ ಹೇಳಿದ ಕೂಡಲೇ ಮುಂದಿನದ್ದು ಮರೆತೆ. ನಾನು ಪರದೆಯ ಹಿಂದೆ ನಿಂತು ತುಟಿ ಆಡಿಸುತ್ತಿದ್ದೆ. ನಿನಗೆ ಗೊತ್ತಾಗಲಿಲ್ಲ. ಮೈಕಿನ ಎದುರೇ ನನ್ನ ಕಡೆ ತಿರುಗಿ, ಟೀಚರ್ ಮುಂದೆ ಎಂತ, ಅಂತ ಕೇಳಿದೆ. ಮೈದಾನ ಇಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಿಮಗೆ ಲೆಕ್ಕ ಕಲಿಸುತ್ತಿದ್ದ ಬರ್ನಡೆಟ್ ಟೀಚರ್. ನೀನು ಕೆಳಗೆ ಇಳಿದು ಬಂದಾಗ ಅಳುತ್ತಿದ್ದೆ. ಬ್ಯಾಗಿನಿಂದ ಪೆಪ್ಪರಮಿಂಟು ತೆಗೆದು ನಿನ್ನ ಕೈಗಿಟ್ಟವಳೂ ಅವಳೇ.

ಅವಳ ಹೆಸರು ಬರೆದದ್ದಕ್ಕೆ ಬೇಜಾರು ಮಾಡಬೇಡ. ಬರೆಯದೆ ಈ ಕಾಗದ ಮುಂದೆ ಹೋಗುವುದಿಲ್ಲ. ನೀನು ಎಂತ ಮಾಡಿದ್ದಿ ಅಂತ ನಾನು ಮರೆತಿಲ್ಲ. 2016ರಲ್ಲಿ ಫಳ್ನೀರಿನ ಅವಳ ಫ್ಲ್ಯಾಟಿನಲ್ಲಿ ಫ್ರಿಜ್ ರಿಪೇರಿಗೆ ಹೋಗಿ, ಬೀರುವಿನ ಚಿನ್ನಕ್ಕೆ ಕೈ ಹಾಕಿ, ಅವಳು ನೋಡಿದಳು ಅಂತ ಅರುವತ್ತಾರು ವರ್ಷದ ಹೆಂಗಸನ್ನು ಕೊಂದೆ. ಅಷ್ಟರಲ್ಲಿ ಮೀನು ತರಲು ಹೋಗಿದ್ದ ಗ್ಲೆನಿಟಾ ಒಳಗೆ ಬಂದಳು. ಅವಳನ್ನು ಮನೆಕೆಲಸಕ್ಕೆ ಇಟ್ಟುಕೊಂಡು ಆರು ತಿಂಗಳೂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ. ಅವಳನ್ನೂ ಬಿಡಲಿಲ್ಲ. ಬರ್ನಡೆಟ್‌ಳ ಮಗ ಡೆರಿಲ್ ಆಗ ದುಬೈಯಲ್ಲಿದ್ದ. ಅವನು ಬರುವ ತನಕ ಕಾಯಲಾಗದೆ ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ನಾನೇ ಹೋದದ್ದು. ಇಪ್ಪತ್ತನಾಲ್ಕು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಪಕ್ಕ ಪಕ್ಕ ಕೂತವರು ನಾವು. ಅವಳು ತಂದ ಸಾನ್ನ ನಾನು ತಿಂದೆ, ನಾನು ತಂದ ಪತ್ರೊಡೆ ಅವಳು ತಿಂದಳು. ಬಟ್ಟೆ ಸರಿಸಿ ತೋರಿಸಿದಾಗ ಹೌದು ಅಂತ ತಲೆ ಆಡಿಸಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿನ್ನ ಮೇಲೆ ಆ ದಿನ ಬಂದ ಸಿಟ್ಟು ಇವತ್ತೂ ಹೋಗಿಲ್ಲ. ಹೋಗಬೇಕು ಅಂತ ನನಗೆ ಆಸೆಯೂ ಇಲ್ಲ.

ಈಗ ಭಾಷಣದ ಕತೆ. ನಿವೃತ್ತಿಯಾದ ಮೇಲೆ ನಾನು ಕುಲಶೇಖರದ ಬದಿಯ ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಕನ್ನಡ ಕಲಿಸುತ್ತೇನೆ. ಭವ್ಯಶ್ರೀ ಅಲ್ಲಿ ಹತ್ತನೇ ಕ್ಲಾಸು. ಅವಳು ಯಾರ ಮಗಳು ಅಂತ ನನಗೆ ಗೊತ್ತಿರಲಿಲ್ಲ ಅಂತ ಮೊದಲು ಒಂದು ಕಾಗದ ಬರೆದು ಹರಿದು ಹಾಕಿದೆ. ಗೊತ್ತಿತ್ತು. ರಿಜಿಸ್ಟರಿನಲ್ಲಿ ತಂದೆಯ ಹೆಸರು ನೋಡುವುದಕ್ಕಿಂತ ಮೊದಲೇ ಗೊತ್ತಾಗಿತ್ತು. ಅವಳು ಬೆಂಚಿನ ತುದಿಯಲ್ಲಿ ಕೂತು ಎಡಗೈಯಲ್ಲಿ ಕಿವಿ ಹಿಡಿದುಕೊಂಡು ಯೋಚನೆ ಮಾಡುವ ಕ್ರಮ ನಿನ್ನದೇ. ಬೇರೆ ಮಕ್ಕಳಿಗೆ ಗೊತ್ತಿಲ್ಲ. ಸ್ಟಾಫಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತೆತ್ತುವುದಿಲ್ಲ.

ಪ್ರತಿ ಆಗಸ್ಟಿನಲ್ಲಿ ಊರಿನ ಒಂದು ಸಂಘದವರು ಹೈಸ್ಕೂಲು ಮಕ್ಕಳಿಗೆ ಚರ್ಚಾ ಸ್ಪರ್ಧೆ ಇಡುತ್ತಾರೆ. ವಿಷಯ ಅವರೇ ಕೊಡುವುದು. ಈ ಸಲ ಮರಣದಂಡನೆ ರದ್ದಾಗಬೇಕೇ ಅಂತ ಬಂತು. ಶಾಲೆಗೆ ಇಬ್ಬರು, ಒಬ್ಬರು ರದ್ದಾಗಬೇಕು ಅನ್ನಬೇಕು, ಇನ್ನೊಬ್ಬರು ಇರಬೇಕು ಅನ್ನಬೇಕು. ನಮ್ಮ ಶಾಲೆಯಿಂದ ಭವ್ಯಶ್ರೀ ಮತ್ತು ಅನುಷ್ಕಾ ಅಂತ ಇನ್ನೊಬ್ಬಳು ಹುಡುಗಿ. ಬೇರೆ ಯಾರಾದರೂ ಟೀಚರ್ ಆಗಿದ್ದರೆ ವಿಷಯ ನೋಡಿದ ಕೂಡಲೇ ಭವ್ಯಶ್ರೀಯನ್ನು ಪದ್ಯ ಹೇಳುವ ಸ್ಪರ್ಧೆಗೆ ಕಳಿಸಿ ಸುಮ್ಮನಾಗುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಅವಳ ಧ್ವನಿ ಹಾಗುಂಟು, ಅವಳು ಹೋದರೆ ಪರ್ಯಾಯ ಫಲಕ ನಮ್ಮ ಶಾಲೆಗೆ ಬರುತ್ತದೆ ಅಂತ ಹೆಡ್ಮಾಸ್ಟರಿಗೆ ಹೇಳಿದೆ. ಅದು ಸುಳ್ಳಲ್ಲ.

ಯಾರಿಗೆ ಯಾವ ಬದಿ ಅಂತ ಚೀಟಿ ಎತ್ತಿಸಿದೆ, ಚಾಕ್‌ಪೀಸಿನ ಡಬ್ಬಿಯಲ್ಲಿ ಹಾಕಿ. ಭವ್ಯಶ್ರೀಯ ಕೈಗೆ ರದ್ದಾಗಬೇಕು ಅನ್ನುವ ಚೀಟಿಯೇ ಬಂತು. ಅವಳ ಮುಖ ಹೇಗಾಯಿತು ಅಂತ ನಾನು ನೋಡಿದೆ. ಆಮೇಲೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಅನುಷ್ಕಾಳಿಗೆ ಕೊಟ್ಟೆ, ಅನುಷ್ಕಾಳದ್ದನ್ನು ಇವಳಿಗೆ ಕೊಟ್ಟೆ. ನಿನ್ನ ಧ್ವನಿಗೆ ಇದೇ ಸರಿ ಅಂದೆ. ಅವಳು ಚೀಟಿಯನ್ನೂ ನನ್ನನ್ನೂ ನೋಡಿ, ಆಗಲಿ ಟೀಚರ್ ಅಂದಳು. ಹದಿನೈದು ವರ್ಷದ ಮಕ್ಕಳು ಟೀಚರಿಗೆ ಎದುರು ಮಾತಾಡುವುದಿಲ್ಲ; ನಾವೇ ಅಲ್ಲವೋ ಹಾಗೆ ಬೆಳೆಸಿದ್ದು.

ಭಾಷಣವನ್ನು ಒಂದು ಮಧ್ಯಾಹ್ನ ಕೂತು ಬರೆದು ಮುಗಿಸಿದೆ. ಸಾಮಾನ್ಯವಾಗಿ ಮೂರು ದಿನ ತೆಗೆದುಕೊಳ್ಳುತ್ತೇನೆ. ಈ ವಿಷಯ ನನ್ನ ಮೂವತ್ತಾರು ವರ್ಷದ ಸರ್ವಿಸಿನಲ್ಲಿ ಆರನೆಯ ಸಲ ಬಂದದ್ದು. ಆರು ಸಲವೂ ಎರಡು ಬದಿಗೂ ಬರೆದವಳು ನಾನೇ. ಇರಬೇಕು ಅನ್ನುವವರಿಗೆ ಐದು ಅಂಶ: ಹೆದರಿಕೆ ಬೇಕು, ಸತ್ತವರಿಗೆ ನ್ಯಾಯ ಬೇಕು, ಹೀಗೆ. ಬೇಡ ಅನ್ನುವವರಿಗೂ ಐದು: ತಪ್ಪಿದರೆ ತಿದ್ದಲಿಕ್ಕಿಲ್ಲ, ಒಳ್ಳೆಯ ವಕೀಲರಿಲ್ಲದ ಬಡವರೇ ಹೆಚ್ಚಾಗಿ ಗಲ್ಲಿಗೆ ಹೋಗುವುದು, ಕೊಲ್ಲಬಾರದು ಅಂತ ಹೇಳುವ ಸರಕಾರವೇ ಕೊಲ್ಲುವುದು ಹೇಗೆ, ಹೀಗೆ. ಎರಡೂ ನನಗೆ ಕಂಠಪಾಠ. ಮಾರ್ಕು ಕೊಡುವವರು ನೋಡುವುದು ಉಚ್ಚಾರವನ್ನು ಮತ್ತು ಕೈಯ ಅಭಿನಯವನ್ನು. ಈ ಸಲ ಮಾತ್ರ ನಾನು ಐದು ಅಂಶ ಬರೆಯಲಿಲ್ಲ. ಬರ್ನಡೆಟ್‌ಳನ್ನು ನೆನೆಸಿಕೊಂಡು ಬರೆದೆ. ಮನೆಗೆ ಕರೆದು ಚಾ ಕೊಟ್ಟವರ ಕುತ್ತಿಗೆಗೆ ಕೈ ಹಾಕಿದವನಿಗೆ ಮನುಷ್ಯರ ಪಂಕ್ತಿಯಲ್ಲಿ ಎಲೆ ಹಾಕಬೇಕೇ ಅಂತ ಕೇಳಿದೆ. ಒಂಬತ್ತು ವರ್ಷದಿಂದ ನಿನಗೆ ಹೇಳಬೇಕು ಅಂತಿದ್ದದ್ದನ್ನೆಲ್ಲ ನಿನ್ನ ಮಗಳ ಬಾಯಿಯಲ್ಲಿ ಇಟ್ಟೆ. ಹೀಗೆ ಬರೆಯುವಾಗ ಕೈ ನಡುಗುತ್ತಿದೆ, ಇಲ್ಲಿ ದೀಪ ಗೀಪ ಇಲ್ಲದ್ದು ಒಳ್ಳೆಯದಾಯಿತು.

ಅಷ್ಟೇ ಅಲ್ಲ. ಭಾಷಣ ಮುಗಿದ ಮೇಲೆ ಎದುರಿನವರು ಒಂದೊಂದು ಪ್ರಶ್ನೆ ಕೇಳಬಹುದು ಅಂತ ನಿಯಮ. ಯಾವ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಿರುವುದಿಲ್ಲವೇ? ಕೊಂದವರು ನಿಮ್ಮ ಮನೆಯವರೇ ಆಗಿದ್ದರೆ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವನ್ನೂ ಬರೆದುಕೊಟ್ಟು ಹತ್ತು ಸಲ ಹೇಳಿಸಿದೆ. ಒಂಬತ್ತು ಸಲ ಸರಿಯಾಗಿ ಹೇಳಿದಳು. ಹತ್ತನೆಯ ಸಲ, ಟೀಚರ್ ಇದೊಂದು ಬೇಡ ಅಂದಳು. ನಾನು ಬೇಕು ಅಂದೆ.

ಸ್ಪರ್ಧೆಯ ದಿನ ಆ ಪ್ರಶ್ನೆ ಕೇಳಿದ್ದು ಬಂದರಿನ ಕಡೆಯ ಶಾಲೆಯ ನಜ್ಲಾ ಅಂತ ಒಬ್ಬಳು ಹುಡುಗಿ. ಅವಳಿಗೆ ಏನೂ ಗೊತ್ತಿಲ್ಲ, ಪಾಪ, ಬಹಳ ಮರ್ಯಾದೆಯಿಂದ ಕೇಳಿದಳು. ಭವ್ಯಶ್ರೀ ಉತ್ತರ ಕೊಡಲಿಲ್ಲ. ಮೈಕಿನ ಎದುರು ಸುಮ್ಮನೆ ನಿಂತಳು. ಗಂಟೆ ಬಾರಿಸುವವರು ವಾಚು ನೋಡಿದರು. ಅವಳು ಮರೆತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅವಳು ನನ್ನ ಕಡೆ ನೋಡಿದಳು. ಮೂರನೆಯ ಸಾಲಿನಲ್ಲಿ ಕೂತಿದ್ದ ನಾನು ತುಟಿ ಆಡಿಸಿದೆ. ನೀನಾದರೆ ಮುಂದೆ ಎಂತ ಅಂತ ಕೇಳಿ ನನ್ನ ಮರ್ಯಾದೆ ತೆಗೆಯುತ್ತಿದ್ದೆ. ಅವಳು ನನ್ನ ತುಟಿಯನ್ನು ಓದಿ, ನಮ್ಮ ಮನೆಯವರಾದರೂ ಗಲ್ಲೇ ಆಗಲಿ, ಅಂತ ಹೇಳಿದಳು. ಸಭೆ ಇಡೀ ಚಪ್ಪಾಳೆ ತಟ್ಟಿತು. ಫಲಕ ನಮಗೇ ಬಂತು. ಮಾರನೆಯ ದಿನ ಪೇಪರಿನ ಮಂಗಳೂರು ಪುಟದಲ್ಲಿ ಅವಳ ಫೋಟೋ, ಅದರ ಮೇಲೆ ಆ ವಾಕ್ಯವೇ ದಪ್ಪಕ್ಷರದಲ್ಲಿ. ಬರೆದ ವರದಿಗಾರರಿಗೂ ಅವಳು ಯಾರೆಂದು ಗೊತ್ತಿರಲಿಲ್ಲ.

ಆ ತುಂಡು ನಿನಗೆ ಕಳಿಸಿದ್ದು ನಿನ್ನ ಅಪ್ಪ. ಅವರ ಮೇಲೆ ಸಿಟ್ಟಾಗಬೇಡ. ಲೋಕಯ್ಯನವರು ಹೆಂಚಿನ ಕಾರ್ಖಾನೆಯಲ್ಲಿ ಜೀವಮಾನ ಕಳೆದವರು, ಸಂಬಳಕ್ಕೆ ಹೆಬ್ಬೆಟ್ಟು ಒತ್ತಿದವರು. ಮೊಮ್ಮಗಳ ಫೋಟೋ ಬಂದಿದೆ, ಕೈಯಲ್ಲಿ ಇಷ್ಟು ದೊಡ್ಡ ಫಲಕ ಉಂಟು ಅಂತ ನೋಡಿ, ಚಾದಂಗಡಿಯಿಂದ ಪೇಪರು ಕೇಳಿ ತಂದು, ಜಾಗ್ರತೆಯಿಂದ ಕತ್ತರಿಸಿ, ಪಕ್ಕದ ಮನೆಯವರ ಹತ್ತಿರ ನಿನ್ನ ವಿಳಾಸ ಬರೆಸಿ ಪೋಸ್ಟಿಗೆ ಹಾಕಿದ್ದಾರೆ. ಮೇಲೆ ಎಂತ ಬರೆದಿದೆ ಅಂತ ಯಾರನ್ನೂ ಕೇಳಲಿಲ್ಲ. ಮಗನಿಗೆ ಒಂದು ಒಳ್ಳೆಯ ಸುದ್ದಿ ಕಳಿಸಿದೆ ಅಂತ ಎರಡು ದಿನ ಖುಷಿಯಲ್ಲಿದ್ದರಂತೆ. ಈಗ ಅವರಿಗೂ ಗೊತ್ತಾಗಿದೆ. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ಹೋಗುತ್ತಾರೆ ಅಂತ ಕುಶಲಾ ಹೇಳಿದಳು.

ಕುಶಲಾ ನನ್ನ ಮನೆಗೆ ಬಂದದ್ದು ಈ ತಿಂಗಳ ಇಪ್ಪತ್ತಕ್ಕೆ. ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಆಯಾ ಕೆಲಸ ಅವಳಿಗೆ, ನಿನಗೆ ಗೊತ್ತು. ಆ ಫ್ಲ್ಯಾಟಿನ ಎದುರೇ ಹೋಗಬೇಕಾಗುತ್ತದೆ ಅಂತ ದಿನಾ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳಂತೆ. ಒಳಗೆ ಬಾ ಅಂದರೂ ಬಾಗಿಲಲ್ಲೇ ನಿಂತು, ಟೀಚರ್ ಇವರು ಸಹಿ ಹಾಕುವುದಿಲ್ಲವಂತೆ, ನೀವು ಕಲಿಸಿದವರಲ್ಲವಾ, ನೀವೊಂದು ಮಾತು ಬರೆದರೆ ಕೇಳ್ಯಾರು, ಅಂತ ಹೇಳಿದಳು. ಭಾಷಣ ಯಾರದ್ದು ಅಂತ ಅವಳಿಗೆ ಗೊತ್ತಿರಲಿಲ್ಲ, ಮಗಳು ಅಮ್ಮನಿಗೆ ಹೇಳಿರಲಿಲ್ಲ. ನನ್ನನ್ನು ಕಾಪಾಡಿದ್ದಳು! ಆಗ ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಚಾ ಮಾಡಿಕೊಟ್ಟೆ, ನೋಡುವ ಅಂದೆ, ಕಳಿಸಿಕೊಟ್ಟೆ. ಗಲ್ಲು ಬೇಡ ಅನ್ನಲು ನನಗೆ ಬಾಯಿಪಾಠ ಬರುವ ಐದು ಅಂಶಗಳಲ್ಲಿ ಒಂದೂ ಅವಳೆದುರು ಬಾಯಿಗೆ ಬರಲಿಲ್ಲ.

ರಾತ್ರಿ ನಮ್ಮ ಯಜಮಾನರಿಗೆ ಹೇಳಿದೆ. ಕಮಲಾಕ್ಷ ಭಟ್ಟರು ಅಂದರೆ ನಿನಗೆ ನೆನಪಿರಬಹುದು, ಶಾಲೆಯ ಶಾರದಾ ಪೂಜೆಗೆ ಅವರೇ ಬರುತ್ತಿದ್ದದ್ದು. ಇಷ್ಟು ವರ್ಷ ಗಲ್ಲಿನ ಸುದ್ದಿ ಬಂದಾಗಲೆಲ್ಲ ಅದು ಸರಕಾರದ ಕೆಲಸ, ನಮಗೆ ಎಂತಕ್ಕೆ ಅನ್ನುತ್ತಿದ್ದವರು. ಈ ಸಲ ಮಾತ್ರ ಕನ್ನಡಕ ತೆಗೆದು ಇಟ್ಟು, ಇದು ಸರಕಾರದ್ದಲ್ಲ ಗಿರಿಜೆ, ಇದು ನಿನ್ನದೇ, ಅಂದರು.

ಮೊನ್ನೆ ಶನಿವಾರ ನಾನೇ ಕುಲಶೇಖರಕ್ಕೆ ಹೋದೆ. ಅಮ್ಮ ಮಗಳು ಈಗ ಇರುವ ಕುಶಲಾಳ ಅಣ್ಣನ ಮನೆಯ ಜಗಲಿಯಲ್ಲಿ ಕೂತು ಎಲ್ಲರೆದುರು ಹೇಳಿದೆ, ಚೀಟಿಯ ವಿಷಯವನ್ನೂ ಬಿಡದೆ. ಕುಶಲಾ ಬೈಯುತ್ತಾಳೆ ಅಂತ ತಯಾರಾಗಿ ಹೋಗಿದ್ದೆ. ಬೈಯಲಿಲ್ಲ. ಇದನ್ನು ನೀವು ಕಾಗದದಲ್ಲಿ ಬರೆಯಿರಿ ಟೀಚರ್, ಬಾಯಿಯಲ್ಲಿ ಹೇಳಿದರೆ ಬೆಳಗಾವಿಗೆ ಕೇಳುವುದಿಲ್ಲ, ಅಂತ ಅಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಭವ್ಯಶ್ರೀ ಬಸ್‌ಸ್ಟಾಪಿನ ತನಕ ಬಂದಳು. ಸ್ವಂತಕ್ಕೆ ನಿನಗೆ ಎಂತ ಅನಿಸುತ್ತದೆ ಅಂತ ಅವಳನ್ನು ಆಗ ಕೇಳಿದೆ. ಇಷ್ಟೆಲ್ಲ ನಡೆದ ಮೇಲೆ, ಮೊದಲ ಸಲ. ಅವಳು ಹೇಳಿದ್ದನ್ನು ನಾನು ತಿದ್ದದೆ ಬರೆಯುತ್ತೇನೆ. ಅಪ್ಪ ಮಾಡಿದ್ದು ಮಾಡಿದ್ದೇ ಟೀಚರ್, ಅದಕ್ಕೆ ನಾನು ಸಮಾಧಾನ ಹೇಳುವುದಿಲ್ಲ. ಆದರೆ ಇಷ್ಟರವರೆಗೆ ನಾನು ಅವರಿಗೆ ಒಂದು ಸಲವೂ ಬೈದಿಲ್ಲ. ವರ್ಷಕ್ಕೊಮ್ಮೆ ಅಮ್ಮನೊಟ್ಟಿಗೆ ಹೋಗುವಾಗ ಊಟ ಆಯ್ತಾ, ಶಾಲೆ ಹೇಗುಂಟು, ಅಷ್ಟೇ ಮಾತು. ದೊಡ್ಡವಳಾಗಿ ಒಬ್ಬಳೇ ಬೆಳಗಾವಿಗೆ ಹೋಗಿ ಎದುರು ಕೂತು ಬೈಯಬೇಕು ಅಂತ ಇಟ್ಟುಕೊಂಡಿದ್ದೇನೆ. ಬೈಯಲಿಕ್ಕೆ ತುಂಬ ಉಂಟು. ಅವರೇ ಇಲ್ಲದಿದ್ದರೆ ಯಾರಿಗೆ ಬೈಯುವುದು? ಇಷ್ಟು ಹೇಳಿ, ಬಸ್ಸು ಬಂತು ಟೀಚರ್ ಅಂದಳು. ನಾನು ಆ ಬಸ್ಸು ಬಿಟ್ಟು ಮುಂದಿನದ್ದಕ್ಕೆ ಹತ್ತಿದೆ. ನನ್ನ ಭಾಷಣದಲ್ಲಿ ಇಷ್ಟು ಒಳ್ಳೆಯ ಮಾತು ಒಂದೂ ಇರಲಿಲ್ಲ.

ಡೆರಿಲ್‌ನ ಮನಸ್ಸು ಹೇಗುಂಟು ಅಂತ ನಿನಗೆ ತಿಳಿಯಬೇಕು ಅನಿಸಬಹುದು. ಅವನು ದುಬೈ ಬಿಟ್ಟು ಬಂದು ಈಗ ಇಲ್ಲೇ ಇದ್ದಾನೆ. ಸುಪ್ರೀಂ ಕೋರ್ಟಿನ ತೀರ್ಪು ಬಂದ ವಾರ ಫೋನು ಮಾಡಿದ್ದೆ. ಗಲ್ಲು ಆಗಲಿ, ಆಗದೆ ಇರಲಿ, ಅದರಿಂದ ಮಮ್ಮಿ ಬರುವುದಿಲ್ಲ ಟೀಚರ್, ಆದರೆ ಅವನು ಹೊರಗೆ ತಿರುಗುವುದು ನನಗೆ ಕಾಣಬಾರದು, ಟಿವಿಯವರು ಬಾಗಿಲಿಗೆ ಬರಬಾರದು, ನನಗೆ ಇಷ್ಟೇ ಸಾಕು ಅಂದ. ಗ್ಲೆನಿಟಾಳ ಮನೆಯವರು ಏನು ಹೇಳುತ್ತಾರೆ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರಿಗೆ ನಿನ್ನ ಗಲ್ಲು ಬೇಕಿದ್ದರೆ ನಾನು ಅವರನ್ನು ತಪ್ಪು ಅನ್ನುವುದಿಲ್ಲ. ಹೋದ ತಿಂಗಳ ತನಕ ನಾನೂ ಅದೇ ಸಾಲಿನಲ್ಲಿದ್ದವಳು.

ಈಗ ನಾನು ಯಾವ ಬದಿ ಅಂತ ಕೇಳಿದರೆ, ಇಷ್ಟು ಹೇಳಬಲ್ಲೆ. ಗಲ್ಲು ಇರಬಾರದು. ನೀನು ಒಳ್ಳೆಯವನಾಗಿದ್ದಿ ಅಂತಲ್ಲ. ಆಗಿದ್ದಿಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬ ಮನುಷ್ಯ ಬದುಕಬೇಕೋ ಸಾ‍ಯಬೇಕೋ ಅನ್ನುವುದು ಇಷ್ಟು ಸಣ್ಣ ಸಣ್ಣ ಕೈಗಳನ್ನು ದಾಟಿ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಫಲಕದ ಆಸೆ, ಒಬ್ಬಳು ಮುದುಕಿಯ ಸಿಟ್ಟು, ಚಾದಂಗಡಿಯ ಪೇಪರು. ನಿನ್ನ ತೀರ್ಪು ಬರೆದ ನ್ಯಾಯಾಧೀಶರು ನನಗಿಂತ ಸಾವಿರ ಪಾಲು ಯೋಚನೆ ಮಾಡಿಯೇ ಬರೆದಿರುತ್ತಾರೆ, ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಅವರೂ ಮನುಷ್ಯರೇ. ಜೈಲು ಅಂತ ಕೊಟ್ಟು ಆಮೇಲೆ ತಪ್ಪಾಯಿತು ಅನಿಸಿದರೆ ಬಾಗಿಲು ತೆರೆಯಬಹುದು. ನಾನು ಈಗ ತಪ್ಪು ಅಂತ ಬರೆಯುತ್ತಿದ್ದೇನಲ್ಲ, ಈ ಕಾಗದ ಹದಿನೈದನೇ ತಾರೀಕಿಗೆ ಮುಟ್ಟಿದರೆ ಯಾರಿಗೆ ಉಪಕಾರ?

ನೀನು ಮಾಡಬೇಕಾದ್ದು ಇಷ್ಟು. ವಕೀಲರು ಆರನೇ ತಾರೀಕು ಸೋಮವಾರ ಪುನಃ ಬೆಳಗಾವಿಗೆ ಬರುತ್ತಾರೆ. ಬೇಡವೆಂದು ಬರೆದುಕೊಟ್ಟದ್ದನ್ನು ಹಿಂದೆ ತೆಗೆದುಕೊಂಡು ಅರ್ಜಿಗೆ ಸಹಿ ಹಾಕು. ಈ ಕಾಗದದ ಒಂದು ಪ್ರತಿಯನ್ನು ಅವರ ಕೈಯಲ್ಲೂ ಕೊಟ್ಟಿದ್ದೇನೆ, ಅರ್ಜಿಯೊಟ್ಟಿಗೆ ಇಡುವುದಾದರೆ ಇಡಲಿ. ರಾಷ್ಟ್ರಪತಿಗಳು ಒಪ್ಪುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಪ್ಪಿದರೂ ಸಾಯುವ ತನಕ ಜೈಲೇ. ಅದು ಸುಖ ಅಲ್ಲ, ನಾನು ಸುಖ ಕೊಡಲು ಬರೆಯುತ್ತಿಲ್ಲ. ಆದರೆ ಮಗಳು ಸಾಯಿ ಅಂದಳು ಅಂತ ಮಾತ್ರ ಸಾಯಬೇಡ. ಅವಳು ಹಾಗೆ ಹೇಳಲಿಲ್ಲ. ಆ ಮಾತನ್ನು ನೀನು ತಲೆಯಲ್ಲಿ ಹೊತ್ತುಕೊಂಡು ಹೋದರೆ, ಇಲ್ಲಿ ಅವಳು ಜೀವಮಾನ ಇಡೀ ಅದನ್ನೇ ಹೊರಬೇಕಾಗುತ್ತದೆ. ಹದಿನೈದು ವರ್ಷದ ಹುಡುಗಿ. ಅವಳಿಗೆ ಅದು ಬೇಡ, ಜಿತೇಶ. ನಿನಗೆ ಬದುಕಲು ಬೇರೆ ಕಾರಣ ಸಿಗದಿದ್ದರೆ ಇದೊಂದೇ ಸಾಕು.

ಭವ್ಯಶ್ರೀ ಶಾಲೆಯ ಎಕ್ಸ್‌ಟ್ರಾ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದ್ದಳು. ಮೊನ್ನೆ ನಾನು ಹೋಗಿ ಬಂದ ಮೇಲೆ ಪುನಃ ಬರುತ್ತೇನೆ ಅಂದಿದ್ದಾಳೆ, ನನ್ನ ಕನ್ನಡಕ್ಕಲ್ಲ, ಲೆಕ್ಕಕ್ಕೆ. ಫಲಕವನ್ನು ನಾನು ಹೆಡ್ಮಾಸ್ಟರಿಗೆ ಹೇಳಿ ಸಂಘದವರಿಗೆ ಹಿಂದೆ ಕಳಿಸುತ್ತೇನೆ. ಮಗು ಬರೆದದ್ದಲ್ಲ ಅಂತ ಹೇಳಿದರೆ ಎಲ್ಲ ಶಾಲೆಯವರೂ ತಮ್ಮ ತಮ್ಮ ಫಲಕ ಹಿಂದೆ ಕೊಡಬೇಕಾದೀತು ಅಂತ ಅವರು ನಕ್ಕಾರು. ನಗಲಿ.

ನಿನ್ನ ಅಪ್ಪನಿಗೆ ಎರಡು ಸಾಲು ಬರೆ. ಓದಿ ಹೇಳಲು ಜನ ಉಂಟು. ಅವರು ಮಾಡಿದ್ದು ತಪ್ಪಲ್ಲ ಅಂತ ನಿನ್ನ ಕೈಯಿಂದಲೇ ಹೋಗಬೇಕು.

ಇಂತಿ,
ನಿನಗೆ ಕನ್ನಡ ಕಲಿಸಿದ,
ಗಿರಿಜಾ ಟೀಚರ್

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಬಿಡಿಸಿ ಇಷ್ಟು ಸೇರಿಸುತ್ತಿದ್ದೇನೆ. ವಕೀಲರ ಪ್ರತಿಯಲ್ಲಿ ಇದು ಇಲ್ಲ. ಬರ್ನಡೆಟ್‌ಳನ್ನು ನೆನೆಸಿಕೊಂಡು ಭಾಷಣ ಬರೆದೆ ಅಂತ ಮೇಲೆ ಹೇಳಿದೆ. ಅದು ಅರ್ಧ ಸತ್ಯ. ಅವಳ ಫ್ರಿಜ್ ಹಾಳಾದಾಗ ಫೋನಿನಲ್ಲಿ ನಿನ್ನ ನಂಬರು ಕೊಟ್ಟವಳು ನಾನು. ನಮ್ಮ ಜಿತೇಶನೇ, ಬೀಗದಕೈ ಕೊಟ್ಟು ಪೇಟೆಗೆ ಹೋಗಿ ಬರಬಹುದು ಅಂತಲೂ ಹೇಳಿದ್ದೆ. ಗಿರಿಜಾ ಟೀಚರ್ ಹೇಳಿ ಕರೆದದ್ದು ಅಂತ ಅವಳು ನಿನಗೂ ಹೇಳಿರುತ್ತಾಳೆ, ಅವಳ ಕ್ರಮ ಹಾಗೆ. ಆದರೆ ಪೊಲೀಸರು ಕೇಳಿದಾಗ, ಲಿಫ್ಟಿನ ಹತ್ತಿರ ಅಂಟಿಸಿದ್ದ ಚೀಟಿಯಲ್ಲಿ ನಂಬರು ನೋಡಿ ಬರ್ನಡೆಟ್ ಟೀಚರೇ ಕರೆದದ್ದು ಅಂತ ನೀನು ಹೇಳಿದೆ. ಕೋರ್ಟಿನಲ್ಲೂ ಹಾಗೆಯೇ ಹೇಳಿದೆ. ನನ್ನ ಹೆಸರು ಯಾಕೆ ಎತ್ತಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಒಂಬತ್ತು ವರ್ಷ ನಾನೂ ಯಾರಿಗೂ ಹೇಳಲಿಲ್ಲ, ಯಜಮಾನರಿಗೂ ಹೇಳಲಿಲ್ಲ. ಈ ವಿಷಯ ಗೊತ್ತಿರುವವರು ನೀನು ಮತ್ತು ನಾನು ಇಬ್ಬರೇ. ನೀನು ಹೋದರೆ ನಾನೊಬ್ಬಳೇ. ಗಲ್ಲೇ ಆಗಲಿ ಅಂತ ಅಷ್ಟು ಸುಲಭವಾಗಿ ಬರೆಯಲು ಸಾಧ್ಯವಾದದ್ದು ಅದಕ್ಕೇ. ನಾಡಿದ್ದು ಬುಧವಾರ ಡೆರಿಲ್‌ನ ಮನೆಗೆ ಹೋಗಿ ಹೇಳುತ್ತೇನೆ. ಅವನು ನಂಬದೆ ಹೋದರೆ ಹೌದೋ ಅಲ್ಲವೋ ಅಂತ ನಿನಗೇ ಬರೆದು ಕೇಳುತ್ತಾನೆ. ಉತ್ತರ ಕೊಡಲು ನೀನು ಇರಬೇಕು.